ಕರ್ನಾಟಕದ ಪಂಚಾಯತ್ ರಾಜ್ ಸಂಸ್ಥೆಗಳು ಮತ್ತು ಸ್ಥಳೀಯ ಅಭಿವೃದ್ಧಿ

ಪಂಚಾಯತ್ ರಾಜ್ ಸಂಸ್ಥೆಗಳು ಎಂದರೆ ಗ್ರಾಮ, ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲಿ ಜನರಿಂದ ಆಯ್ಕೆಯಾದ ಸ್ಥಳೀಯ ಸರ್ಕಾರಗಳು. ಕರ್ನಾಟಕದಲ್ಲಿ ಸುಮಾರು 5,950 ಗ್ರಾಮ ಪಂಚಾಯಿತಿಗಳೂ 31 ಜಿಲ್ಲಾ ಪಂಚಾಯಿತಿಗಳೂ ಇವೆ. ಇವೆರಡರ ನಡುವೆ ತಾಲ್ಲೂಕು ಪಂಚಾಯಿತಿಗಳಿವೆ. ಕುಡಿಯುವ ನೀರು, ಬೀದಿ ದೀಪ, ಚರಂಡಿ, ಶಾಲೆ, ಆರೋಗ್ಯ, ಕೆರೆ, ಉದ್ಯೋಗ ಮೊದಲಾದ ದಿನನಿತ್ಯದ ವಿಷಯಗಳು ಇವುಗಳ ವ್ಯಾಪ್ತಿಗೆ ಸೇರುತ್ತವೆ. ಒಂದು ಊರಿನ ಜನಜೀವನವನ್ನು ಉತ್ತಮಗೊಳಿಸುವ ಕೆಲಸವನ್ನು ಈ ಸಂಸ್ಥೆಗಳು ಎಷ್ಟರಮಟ್ಟಿಗೆ ಮಾಡಬಲ್ಲವು ಎಂಬುದು ಕಾನೂನು ಕೊಟ್ಟ ಅಧಿಕಾರದಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಕೈಯಲ್ಲಿರುವ ಹಣ, ಅದನ್ನು ಖರ್ಚು ಮಾಡುವ ಸ್ವಾತಂತ್ರ್ಯ ಮತ್ತು ಕಾಲಕಾಲಕ್ಕೆ ನಡೆಯುವ ಚುನಾವಣೆ, ಈ ಮೂರೂ ಒಟ್ಟಿಗೆ ಇದ್ದಾಗಲೇ ಅದು ಸಾಧ್ಯವಾಗಿದೆ ಎಂಬುದನ್ನು ರಾಜ್ಯದ ನಾಲ್ಕು ದಶಕಗಳ ಅನುಭವ ತೋರಿಸುತ್ತದೆ.

ಹಿನ್ನೆಲೆ

ಸ್ವಾತಂತ್ರ್ಯಾನಂತರ ಸಮುದಾಯ ಅಭಿವೃದ್ಧಿ ಕಾರ್ಯಕ್ರಮವು ನಿರೀಕ್ಷಿತ ಫಲ ಕೊಡಲಿಲ್ಲ. ಜನರ ಪಾಲುಗೊಳ್ಳುವಿಕೆ ಇಲ್ಲದಿದ್ದುದೇ ಇದಕ್ಕೆ ಮುಖ್ಯ ಕಾರಣವೆಂದು 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ಹೇಳಿತು. ಮೂರು ಹಂತಗಳ ಪಂಚಾಯತ್ ವ್ಯವಸ್ಥೆಯನ್ನು ಶಿಫಾರಸು ಮಾಡಿತು. ಏಕೀಕರಣಗೊಂಡ ಮೈಸೂರು ರಾಜ್ಯದಲ್ಲಿ 1959ರ ಗ್ರಾಮ ಪಂಚಾಯಿತಿಗಳ ಮತ್ತು ಸ್ಥಳೀಯ ಮಂಡಳಿಗಳ ಅಧಿನಿಯಮ ಜಾರಿಗೆ ಬಂದು, ಗ್ರಾಮ ಪಂಚಾಯಿತಿ ಮತ್ತು ತಾಲ್ಲೂಕು ಅಭಿವೃದ್ಧಿ ಮಂಡಳಿಗಳು ರಚನೆಯಾದವು. ಜಿಲ್ಲಾ ಮಟ್ಟದಲ್ಲಿ ಇದ್ದದ್ದು ಸಲಹೆ ಕೊಡುವ ಪರಿಷತ್ತು ಮಾತ್ರ. ಹಿರಿಯರ ನೆನಪಿನಲ್ಲಿ ಇಂದಿಗೂ ಉಳಿದಿರುವ 'ತಾಲ್ಲೂಕು ಬೋರ್ಡ್' ಆ ಕಾಲದ್ದು.

ಮಂಡಲ ಪಂಚಾಯಿತಿಯ ಕಾಲ

1978ರಲ್ಲಿ ಅಶೋಕ್ ಮೆಹ್ತಾ ಸಮಿತಿಯು ಜಿಲ್ಲೆಯನ್ನು ಮುಖ್ಯ ಘಟಕವಾಗಿಸಿ, ಅದರ ಕೆಳಗೆ ಹಲವು ಹಳ್ಳಿಗಳನ್ನು ಒಳಗೊಂಡ ಮಂಡಲ ಪಂಚಾಯಿತಿಗಳಿರಬೇಕೆಂದು ಸೂಚಿಸಿತು. ಈ ಸೂಚನೆಯನ್ನು ಗಂಭೀರವಾಗಿ ಪರಿಗಣಿಸಿದ ರಾಜ್ಯಗಳಲ್ಲಿ ಕರ್ನಾಟಕ ಪ್ರಮುಖವಾದುದು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದಾಗ ಪಂಚಾಯತ್ ರಾಜ್ ಖಾತೆಯ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು 1983ರ ಜಿಲ್ಲಾ ಪರಿಷತ್, ತಾಲ್ಲೂಕು ಪಂಚಾಯಿತಿ ಸಮಿತಿ, ಮಂಡಲ ಪಂಚಾಯಿತಿ ಮತ್ತು ನ್ಯಾಯ ಪಂಚಾಯಿತಿ ಅಧಿನಿಯಮವನ್ನು ರೂಪಿಸಿದರು. ರಾಷ್ಟ್ರಪತಿಗಳ ಒಪ್ಪಿಗೆ ದೊರೆತು ಅದು ಜಾರಿಗೆ ಬಂದದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಬರಗಾಲದ ದಿನಗಳಲ್ಲಿ ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸಿದ್ದರಿಂದ ನಜೀರ್ ಸಾಬರನ್ನು ಜನ 'ನೀರು ಸಾಬ್' ಎಂದೇ ಕರೆಯುತ್ತಿದ್ದರು. ಅವರು 1988ರ ಅಕ್ಟೋಬರಿನಲ್ಲಿ ನಿಧನರಾದರು. ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಗೆ ಅವರ ಹೆಸರನ್ನಿಡಲಾಗಿದೆ.

ಆ ವ್ಯವಸ್ಥೆಯಲ್ಲಿ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು. ಜಿಲ್ಲಾಧಿಕಾರಿಗಿಂತ ಹಿರಿಯರಾದ ಅಧಿಕಾರಿಯೊಬ್ಬರು ಮುಖ್ಯ ಕಾರ್ಯದರ್ಶಿ ಎಂಬ ಹೆಸರಿನಲ್ಲಿ ಪರಿಷತ್ತಿನ ಅಧೀನದಲ್ಲಿ ಕೆಲಸ ಮಾಡುತ್ತಿದ್ದರು. ಪ್ರಾಥಮಿಕ ಶಿಕ್ಷಣ, ಆರೋಗ್ಯ, ಕೃಷಿ, ಪಶುಸಂಗೋಪನೆ ಮೊದಲಾದ ಇಲಾಖೆಗಳ ಜಿಲ್ಲಾ ಮಟ್ಟದ ಸಿಬ್ಬಂದಿ ಮತ್ತು ಹಣ ಎರಡೂ ಪರಿಷತ್ತಿಗೆ ಬಂದವು. ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನ ಮೀಸಲಾಗಿತ್ತು. ಸಂವಿಧಾನದ ತಿದ್ದುಪಡಿಗೆ ಇನ್ನೂ ಐದಾರು ವರ್ಷ ಇದ್ದಾಗಲೇ ಇದು ನಡೆಯಿತೆಂಬುದು ಗಮನಿಸಬೇಕಾದ ಅಂಶ.

ಇದರ ಪರಿಣಾಮ ಮೊದಲು ಕಂಡದ್ದು ಕಟ್ಟಡ, ರಸ್ತೆಗಳಿಗಿಂತ ಹೆಚ್ಚಾಗಿ ಹಾಜರಿ ಪುಸ್ತಕದಲ್ಲಿ. ವ್ಯವಸ್ಥೆಯ ಮೌಲ್ಯಮಾಪನಕ್ಕಾಗಿ ನೇಮಕಗೊಂಡ ಕೃಷ್ಣಸ್ವಾಮಿ ಸಮಿತಿಯು ಗ್ರಾಮೀಣ ಶಾಲೆಗಳಲ್ಲಿ ಮತ್ತು ಆರೋಗ್ಯ ಕೇಂದ್ರಗಳಲ್ಲಿ ಸಿಬ್ಬಂದಿಯ ಹಾಜರಾತಿ ಸುಧಾರಿಸಿದುದನ್ನು ಗುರುತಿಸಿತು. ಹಳ್ಳಿಯ ಶಾಲೆಯಲ್ಲಿ ಪಾಠ ಮಾಡಿದವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ತಾಲ್ಲೂಕು ಕೇಂದ್ರದಿಂದ ವರ್ಷಕ್ಕೊಮ್ಮೆ ಬರುವ ಇನ್‌ಸ್ಪೆಕ್ಟರಿಗಿಂತ ಪಕ್ಕದ ಬೀದಿಯಲ್ಲೇ ವಾಸಿಸುವ ಮಂಡಲ ಸದಸ್ಯನ ಕಣ್ಣು ಹೆಚ್ಚು ಚುರುಕಾಗಿತ್ತು. ಆ ಕಣ್ಣು ಕೆಲವೊಮ್ಮೆ ಕಿರುಕುಳವಾಗಿಯೂ ಪರಿಣಮಿಸುತ್ತಿತ್ತು, ವರ್ಗಾವಣೆಗಳಲ್ಲಿ ಸ್ಥಳೀಯ ರಾಜಕೀಯ ನುಸುಳಿತು ಎಂಬ ದೂರುಗಳೂ ಇದ್ದವು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಮಗುವಿಗೆ ಬೇಕಾಗಿದ್ದುದು ತರಗತಿಯಲ್ಲಿ ಮೇಷ್ಟರು. ಅದು ಅದಕ್ಕೆ ದೊರೆಯಿತು.

1992ರಲ್ಲಿ ಈ ಸಂಸ್ಥೆಗಳ ಐದು ವರ್ಷದ ಅವಧಿ ಮುಗಿದಾಗ ಹೊಸ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳ ನೇಮಕವಾಯಿತು. ಇಂಥ ಸ್ಥಿತಿ ದೇಶದ ಎಲ್ಲಿಯೂ ಮರುಕಳಿಸಬಾರದೆಂಬುದೇ ಸಂವಿಧಾನದ 73ನೆಯ ತಿದ್ದುಪಡಿಯ ಉದ್ದೇಶಗಳಲ್ಲಿ ಒಂದಾಗಿತ್ತು.

ಈಗಿನ ಕಾನೂನು

73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದಕ್ಕೆ ಅನುಗುಣವಾಗಿ ರೂಪಿಸಲಾದ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ ಅದೇ ವರ್ಷದ ಮೇ 10ರಿಂದ ಜಾರಿಯಲ್ಲಿದೆ. 2015ರ ವ್ಯಾಪಕ ತಿದ್ದುಪಡಿಯ ನಂತರ ಇದರ ಹೆಸರು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಎಂದಾಯಿತು. ಮಂಡಲಗಳ ಬದಲು ಅವಕ್ಕಿಂತ ಚಿಕ್ಕದಾದ ಗ್ರಾಮ ಪಂಚಾಯಿತಿಗಳು ಬಂದವು. ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿ ಇರುತ್ತದೆ. ಮಲೆನಾಡು ಮತ್ತು ಕರಾವಳಿಯ ಜಿಲ್ಲೆಗಳಲ್ಲಿ ಮನೆಗಳು ಚದುರಿರುವುದರಿಂದ ಇನ್ನೂ ಕಡಿಮೆ ಜನಸಂಖ್ಯೆಗೂ ಅವಕಾಶವಿದೆ.

ಸಂವಿಧಾನದ 11ನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಇದೆ. ಇಲ್ಲಿ 'ವಹಿಸಬಹುದಾದ' ಎಂಬ ಪದದ ಮೇಲೆ ಒತ್ತು ಬೀಳಬೇಕು. 243ಜಿ ವಿಧಿಯು ಅಧಿಕಾರವನ್ನು ಕೊಡುವ ನಿರ್ಧಾರವನ್ನು ರಾಜ್ಯ ಶಾಸಕಾಂಗಕ್ಕೆ ಬಿಟ್ಟಿದೆ. ಕರ್ನಾಟಕವು ಕಾಗದದ ಮೇಲೆ ಈ ವಿಷಯಗಳನ್ನು ಉದಾರವಾಗಿಯೇ ಹಂಚಿದೆ. ಆದರೆ ಒಂದು ವಿಷಯ ಪಂಚಾಯಿತಿಗೆ ಸೇರಿದ ಮೇಲೂ ಅದರ ಹಣ ಮತ್ತು ನೌಕರರು ಇಲಾಖೆಯ ಹಿಡಿತದಲ್ಲೇ ಉಳಿದರೆ, ಹೊಲ ಬರೆದುಕೊಟ್ಟು ನೇಗಿಲು, ಎತ್ತು ತಮ್ಮ ಕೊಟ್ಟಿಗೆಯಲ್ಲೇ ಇಟ್ಟುಕೊಂಡಂತಾಗುತ್ತದೆ. ಪ್ರತಿ ಗ್ರಾಮ ಪಂಚಾಯಿತಿಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಎಂಬ ಹುದ್ದೆಯನ್ನು ಸೃಷ್ಟಿಸಿದ್ದು ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ. ಅದಕ್ಕೆ ಮೊದಲು ಕಾರ್ಯದರ್ಶಿಯೊಬ್ಬರೇ ಲೆಕ್ಕ, ಕಡತ, ಸಭೆ, ಕರ ವಸೂಲಿ ಎಲ್ಲವನ್ನೂ ನೋಡಿಕೊಳ್ಳಬೇಕಾಗಿತ್ತು.

ಹಣಕಾಸು

ಗ್ರಾಮ ಪಂಚಾಯಿತಿಯ ಆದಾಯವನ್ನು ಮೂರು ಬಗೆಯಾಗಿ ನೋಡಬಹುದು: ಕೇಂದ್ರ ಹಣಕಾಸು ಆಯೋಗದ ಅನುದಾನ, ರಾಜ್ಯದ ಶಾಸನಬದ್ಧ ಅನುದಾನ, ಮತ್ತು ಪಂಚಾಯಿತಿಯೇ ವಸೂಲು ಮಾಡುವ ತೆರಿಗೆ.

14ನೆಯ ಹಣಕಾಸು ಆಯೋಗವು 2015ರಿಂದ 2020ರ ಅವಧಿಗೆ ಇಡೀ ದೇಶದ ಗ್ರಾಮ ಪಂಚಾಯಿತಿಗಳಿಗೆ ಎರಡು ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಶಿಫಾರಸು ಮಾಡಿತು. ಅದುವರೆಗೆ ಅಷ್ಟು ದೊಡ್ಡ ಮೊತ್ತ ಹಳ್ಳಿಗೆ ನೇರವಾಗಿ ಬಂದದ್ದಿರಲಿಲ್ಲ. 15ನೆಯ ಆಯೋಗವು ಮೂರೂ ಹಂತಗಳಿಗೆ ಹಣ ಹಂಚಿತು. 2021ರಿಂದ ಅದರಲ್ಲಿ ಶೇಕಡ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮಾತ್ರ ಬಳಸಬೇಕೆಂಬ ನಿರ್ಬಂಧವಿತ್ತು. ಉಳಿದ ಶೇಕಡ 40 ಭಾಗವನ್ನಷ್ಟೇ ಊರಿನ ಅಗತ್ಯ ನೋಡಿ ಬಳಸಬಹುದಾಗಿತ್ತು. ನೀರು, ನೈರ್ಮಲ್ಯ ಮುಖ್ಯವಲ್ಲವೆಂದು ಯಾರೂ ಹೇಳಲಾರರು. ಆದರೆ ಬಯಲುಸೀಮೆಯ ಒಂದು ಹಳ್ಳಿಗೂ ಘಟ್ಟದ ಕೆಳಗಿನ ಒಂದು ಹಳ್ಳಿಗೂ ಒಂದೇ ಅಳತೆಯ ಅಂಗಿ ಹೊಲಿಸಿದರೆ ಒಬ್ಬರಿಗಾದರೂ ಅದು ಹಿಡಿಯುತ್ತದೆ. ನೆರೆಯ ಕೇರಳವು 1996ರಲ್ಲಿ ಜನಕೀಯ ಯೋಜನೆಯನ್ನು ಆರಂಭಿಸಿದಾಗ ರಾಜ್ಯದ ಯೋಜನಾ ವೆಚ್ಚದ ಶೇಕಡ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಹೆಚ್ಚಿನ ನಿರ್ಬಂಧವಿಲ್ಲದೆ ಕೊಡಲು ತೀರ್ಮಾನಿಸಿತ್ತು ಎಂಬುದು ಹೋಲಿಕೆಗಾಗಿ ಗಮನಾರ್ಹ.

ರಾಜ್ಯದ ಶಾಸನಬದ್ಧ ಅನುದಾನದ ದೊಡ್ಡ ಪಾಲು ಬೀದಿ ದೀಪ ಮತ್ತು ನೀರಿನ ಪಂಪುಗಳ ವಿದ್ಯುತ್ ಬಿಲ್ಲಿಗೇ ಹೋಗುತ್ತದೆ. ಹೀಗಾಗಿ ಪಂಚಾಯಿತಿಯು ಸ್ವಂತ ನಿರ್ಧಾರದಿಂದ ಏನನ್ನಾದರೂ ಮಾಡಬೇಕಾದರೆ ಆಧಾರ ಅದರ ಸ್ವಂತ ತೆರಿಗೆಯೇ. ಮನೆ, ಅಂಗಡಿ, ಕಾರ್ಖಾನೆ ಕಟ್ಟಡಗಳ ಮೇಲಿನ ತೆರಿಗೆ, ನೀರಿನ ದರ, ಸಂತೆ ಶುಲ್ಕ, ಪರವಾನಗಿ ಶುಲ್ಕ, ಮೊಬೈಲ್ ಗೋಪುರಗಳ ಶುಲ್ಕ ಇತ್ಯಾದಿಗಳು ಇದರಲ್ಲಿ ಸೇರುತ್ತವೆ. ಕಟ್ಟಡ ತೆರಿಗೆಯ ಜೊತೆಗೆ ಆರೋಗ್ಯ ಕರ ಶೇಕಡ 15, ಶಿಕ್ಷಣ ಕರ 10, ಗ್ರಂಥಾಲಯ ಕರ 6 ಮತ್ತು ಭಿಕ್ಷುಕರ ಕರ 3 ಸೇರುತ್ತವೆ. ಅಂದರೆ ಮೂಲ ತೆರಿಗೆ ನೂರು ರೂಪಾಯಿಯಾದರೆ ರಸೀದಿಯಲ್ಲಿ ಕಾಣುವುದು 134 ರೂಪಾಯಿ. ಆ 34 ರೂಪಾಯಿ ಪಂಚಾಯಿತಿಯ ಖರ್ಚಿಗಲ್ಲ, ಆಯಾ ಉದ್ದೇಶಕ್ಕೆ ವರ್ಗಾಯಿಸಬೇಕಾದದ್ದು. ರಸೀದಿ ಹಿಡಿದು 'ಇಷ್ಟು ಕಟ್ಟಿದೆವು, ಊರಿಗೆ ಏನು ಬಂತು' ಎಂದು ಕೇಳುವವರು ಈ ಲೆಕ್ಕವನ್ನೂ ತಿಳಿದಿರುವುದು ಒಳ್ಳೆಯದು.

ತೆರಿಗೆ ವಸೂಲಿಯಲ್ಲಿ ಒಂದು ಸಂಕೋಚವಿದೆ. ಶಾಸಕರು ವಿಧಾನಸೌಧದಲ್ಲಿ ಕುಳಿತು ತೆರಿಗೆ ಏರಿಸಬಹುದು. ಪಂಚಾಯಿತಿ ಸದಸ್ಯರು ತೆರಿಗೆ ಕೇಳಬೇಕಾಗಿರುವುದು ದಿನಬೆಳಗಾದರೆ ಎದುರಾಗುವ ನೆಂಟರನ್ನು, ನೆರೆಯವರನ್ನು. ಹೀಗಾಗಿ ಎಷ್ಟೋ ಕಡೆ ಬೇಡಿಕೆಯ ಮೊತ್ತವೇ ಕಡಿಮೆ, ವಸೂಲಿ ಇನ್ನೂ ಕಡಿಮೆ. ಮನೆ, ನಿವೇಶನಗಳ ದಾಖಲೆ ಇ-ಸ್ವತ್ತು ತಂತ್ರಾಂಶಕ್ಕೂ ತೆರಿಗೆ ಲೆಕ್ಕ ಪಂಚತಂತ್ರ ತಂತ್ರಾಂಶಕ್ಕೂ ಸೇರಿದ ಮೇಲೆ ಬಾಕಿದಾರರ ಪಟ್ಟಿಯನ್ನು ಅಡಗಿಸುವುದು ಕಷ್ಟವಾಗಿದೆ.

ನೀರು ಮತ್ತು ಕೆರೆ

2019ರಲ್ಲಿ ಆರಂಭವಾದ ಜಲಜೀವನ ಅಭಿಯಾನವು ರಾಜ್ಯದಲ್ಲಿ 'ಮನೆಮನೆಗೆ ಗಂಗೆ' ಎಂಬ ಹೆಸರಿನಲ್ಲಿ ನಡೆಯಿತು. ಪ್ರತಿ ಮನೆಗೆ ನಲ್ಲಿ, ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಎಂಬುದು ಅದರ ಗುರಿ. ಕೊಳವೆ ಹಾಕುವ ಕೆಲಸ ಗುತ್ತಿಗೆದಾರರಿಂದ ಮುಗಿಯುತ್ತದೆ. ಅನಂತರದ ನಿರ್ವಹಣೆ ಗ್ರಾಮ ಪಂಚಾಯಿತಿಯದು. ಮೋಟಾರು ಸುಟ್ಟಾಗ ದುರಸ್ತಿ, ಕವಾಟ ತಿರುಗಿಸುವ ನೀರುಗಂಟಿಯ ಸಂಬಳ, ವಿದ್ಯುತ್ ಖರ್ಚು, ನೀರಿನ ಪರೀಕ್ಷೆ ಎಲ್ಲವೂ ಪಂಚಾಯಿತಿಯ ತಲೆಯ ಮೇಲೆ ಬರುತ್ತವೆ. ಊರಿಗೆ ನೀರು ಬಂತೆ ಎಂಬ ಪ್ರಶ್ನೆಯ ಉತ್ತರ ಅಣೆಕಟ್ಟಿಗಿಂತ ಹೆಚ್ಚಾಗಿ ಒಬ್ಬ ನೀರುಗಂಟಿಯ ಸಮಯಪಾಲನೆಯನ್ನು ಅವಲಂಬಿಸಿರುತ್ತದೆ. ಇಷ್ಟು ಮುಖ್ಯನಾದ ನೌಕರನಿಗೆ ದೊರೆಯುವ ಗೌರವ ಅಲ್ಪವೆಂಬುದು ವಿಷಾದದ ಸಂಗತಿ.

40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟು ಇರುವ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯ ಸುಪರ್ದಿಯಲ್ಲಿವೆ. ಹೂಳು ತೆಗೆಯುವುದು, ಏರಿ ಮತ್ತು ಕೋಡಿಯ ದುರಸ್ತಿ, ನೀರು ಬರುವ ರಾಜಕಾಲುವೆಗಳ ಒತ್ತುವರಿ ತೆರವು ಇವುಗಳಲ್ಲಿ ಕೊನೆಯದೇ ಅತ್ಯಂತ ಕಠಿಣ. 2005ರ ಉದ್ಯೋಗ ಖಾತರಿ ಕಾಯ್ದೆಯು ಗ್ರಾಮೀಣ ಕುಟುಂಬವೊಂದಕ್ಕೆ ವರ್ಷದಲ್ಲಿ ನೂರು ದಿನಗಳ ಕೂಲಿ ಕೆಲಸದ ಹಕ್ಕು ನೀಡಿತು. ಒಟ್ಟು ಕಾಮಗಾರಿಗಳ ವೆಚ್ಚದಲ್ಲಿ ಕನಿಷ್ಠ ಅರ್ಧವನ್ನು ಗ್ರಾಮ ಪಂಚಾಯಿತಿಗಳ ಮೂಲಕವೇ ಮಾಡಿಸಬೇಕೆಂದು ವಿಧಿಸಿತು. ಇದರಿಂದ ಕೆರೆ, ಬದು, ಕೃಷಿ ಹೊಂಡ, ಅರಣ್ಯ ನೆಡುತೋಪುಗಳಂಥ ಕೆಲಸಗಳಿಗೆ ಹಣ ಬಂದಿತಲ್ಲದೆ, ಗುಳೆ ಹೋಗುವ ಕುಟುಂಬಗಳಿಗೆ ಊರಿನಲ್ಲೇ ಉಳಿಯಲು ಒಂದು ಕಾರಣವೂ ದೊರೆಯಿತು. ಕೂಲಿಗೆ ಬರುವ ತಾಯಂದಿರ ಎಳೆಯ ಮಕ್ಕಳಿಗಾಗಿ 2023-24ರಲ್ಲಿ ಘೋಷಣೆಯಾದ 'ಕೂಸಿನ ಮನೆ' ಶಿಶುಪಾಲನಾ ಕೇಂದ್ರಗಳನ್ನು ನಡೆಸುವ ಹೊಣೆಯೂ ಗ್ರಾಮ ಪಂಚಾಯಿತಿಗಳದೇ.

ಕಸ ವಿಲೇವಾರಿ: ಒಂದು ಪಂಚಾಯಿತಿಗೆ ಮೀರಿದ ಕೆಲಸ

ಪ್ಲಾಸ್ಟಿಕ್ ಹಳ್ಳಿಗೆ ಬಂದ ಮೇಲೆ ತಿಪ್ಪೆಗುಂಡಿ ಸಾಲದಾಯಿತು. ಉಡುಪಿ ಜಿಲ್ಲೆಯ ವಂಡ್ಸೆ ಗ್ರಾಮ ಪಂಚಾಯಿತಿಯು ಮನೆಮನೆಯಿಂದ ಹಸಿಕಸ, ಒಣಕಸವನ್ನು ಬೇರೆಬೇರೆಯಾಗಿ ಸಂಗ್ರಹಿಸಿ ಮಾರುವ ಪದ್ಧತಿಯನ್ನು ಆರಂಭಿಸಿ ಹೆಸರು ಪಡೆಯಿತು. ಈಗ ಅನೇಕ ಪಂಚಾಯಿತಿಗಳಲ್ಲಿ 'ಸ್ವಚ್ಛ ಸಂಕೀರ್ಣ' ಎಂಬ ಘಟಕಗಳಿವೆ. ಕಸದ ವಾಹನವನ್ನು ಎಷ್ಟೋ ಕಡೆ ಮಹಿಳಾ ಸ್ವಸಹಾಯ ಸಂಘದ ಸದಸ್ಯೆಯರೇ ಓಡಿಸುತ್ತಾರೆ.

ಆದರೆ ಐದಾರು ಸಾವಿರ ಜನರ ಒಣಕಸ ಒಂದು ಯಂತ್ರಕ್ಕೆ ಸಾಲುವಷ್ಟು ಇರುವುದಿಲ್ಲ, ಕೊಳ್ಳುವವರು ಒಳ್ಳೆಯ ಬೆಲೆಯನ್ನೂ ಕೊಡುವುದಿಲ್ಲ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಸುತ್ತಮುತ್ತಲಿನ ಹಲವು ಪಂಚಾಯಿತಿಗಳ ಒಣಕಸವನ್ನು ಒಂದೆಡೆ ತಂದು ವಿಂಗಡಿಸುವ ಘಟಕ ಸ್ಥಾಪನೆಯಾದದ್ದು ಈ ಕಾರಣದಿಂದ. ಒಂದು ಗ್ರಾಮದ ಹಿತ ಮತ್ತು ಒಂದು ಪ್ರದೇಶದ ಅಭಿವೃದ್ಧಿ ಎಲ್ಲಿ ಕೂಡುತ್ತವೆ ಎಂಬುದಕ್ಕೆ ಇದೊಂದು ನೇರ ಉದಾಹರಣೆ. ಇಂಥ ಹೊಂದಾಣಿಕೆಯನ್ನು ಗ್ರಾಮ ಪಂಚಾಯಿತಿಗಳು ತಾವಾಗಿಯೇ ಮಾಡಿಕೊಳ್ಳುವುದು ಅಪರೂಪ. ಮೇಲಿನ ಹಂತದ ಪಂಚಾಯಿತಿ ಮುಂದೆ ನಿಂತು ಜೋಡಿಸಬೇಕಾಗುತ್ತದೆ.

ಗ್ರಂಥಾಲಯ ಮತ್ತು ಮಕ್ಕಳ ಗ್ರಾಮ ಸಭೆ

ಗ್ರಾಮ ಪಂಚಾಯಿತಿ ಮಟ್ಟದ ಗ್ರಂಥಾಲಯಗಳು ಬಹುಕಾಲ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಅಡಿಯಲ್ಲಿದ್ದವು. 2019ರಲ್ಲಿ ಅವುಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಕೋವಿಡ್ ಕಾರಣ ಶಾಲೆಗಳು ಮುಚ್ಚಿದ್ದ 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ಅದುವರೆಗೆ ದಿನಪತ್ರಿಕೆ ಓದುವ ಹಿರಿಯರಷ್ಟೇ ಕೂರುತ್ತಿದ್ದ ಕೋಣೆಗಳಿಗೆ ಮಕ್ಕಳು ಬಂದರು. ಈಗ ಇವುಗಳನ್ನು 'ಅರಿವು ಕೇಂದ್ರ' ಎನ್ನಲಾಗುತ್ತಿದೆ. ಹಲವೆಡೆ ಹಳೆಯ ಕಟ್ಟಡಕ್ಕೆ ಬಣ್ಣ ಬಳಿದು, ಕಂಪ್ಯೂಟರ್ ಇರಿಸಿ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ಒದಗಿಸಲಾಗಿದೆ. ಪಟ್ಟಣದ ಕೋಚಿಂಗ್ ಶುಲ್ಕ ಕಟ್ಟಲಾಗದ ಹುಡುಗ ಹುಡುಗಿಯರಿಗೆ ಇದು ಸಣ್ಣ ಸಹಾಯವಲ್ಲ. ಗ್ರಂಥಾಲಯ ಸಂಜೆಯ ಹೊತ್ತು, ಶಾಲೆ ಬಿಟ್ಟ ಮೇಲೆ ತೆರೆದಿದೆಯೆ ಎಂಬುದನ್ನು ಮಾತ್ರ ಪ್ರತಿ ಊರಿನವರೂ ವಿಚಾರಿಸಿಕೊಳ್ಳಬೇಕು.

ಕುಂದಾಪುರ ತಾಲ್ಲೂಕಿನ ಕೆಲವು ಗ್ರಾಮ ಪಂಚಾಯಿತಿಗಳಲ್ಲಿ 1990ರ ದಶಕದಲ್ಲಿ ಮಕ್ಕಳ ಪಂಚಾಯಿತಿಯ ಪ್ರಯೋಗ ನಡೆಯಿತು. ಮಕ್ಕಳು ತಮ್ಮದೇ ಪ್ರತಿನಿಧಿಗಳನ್ನು ಆರಿಸಿ, ತಮ್ಮ ಅಗತ್ಯಗಳನ್ನು ಪಂಚಾಯಿತಿಯ ಮುಂದಿಡುವುದು ಅದರ ಕ್ರಮ. 2006ರಿಂದ ರಾಜ್ಯದಾದ್ಯಂತ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸಬೇಕೆಂದು ಸರ್ಕಾರ ಆದೇಶಿಸಿತು. ಇಲ್ಲಿ ಬರುವ ಬೇಡಿಕೆಗಳು ದೊಡ್ಡವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ: ಶಾಲೆಯ ಶೌಚಾಲಯಕ್ಕೆ ನೀರು, ಆಟದ ಮೈದಾನಕ್ಕೆ ಬೇಲಿ, ಶಾಲೆಯ ದಾರಿಯಲ್ಲಿರುವ ಸಾರಾಯಿ ಅಂಗಡಿ, ಮಳೆಗಾಲದಲ್ಲಿ ಹಳ್ಳ ದಾಟಲು ಒಂದು ಕಾಲುಸಂಕ. ಸಭೆ ನಡೆದು, ಫೋಟೋ ತೆಗೆದು, ನಡಾವಳಿ ಪುಸ್ತಕ ಮುಚ್ಚಿಬಿಡುವ ಪಂಚಾಯಿತಿಗಳಿವೆ. ಮರುವರ್ಷದ ಸಭೆಯಲ್ಲಿ ಹಿಂದಿನ ವರ್ಷದ ಬೇಡಿಕೆಗಳ ಪಟ್ಟಿಯನ್ನು ಓದಿ ಉತ್ತರ ಹೇಳುವ ಪಂಚಾಯಿತಿಗಳೂ ಇವೆ. ಮಕ್ಕಳಿಗೆ ಪೌರನೀತಿ ಕಲಿಸುವುದರಲ್ಲಿ ಈ ಎರಡೂ ಬಗೆಯ ಸಭೆಗಳು ಸಮರ್ಥವೇ. ಕಲಿಸುವ ಪಾಠ ಮಾತ್ರ ಬೇರೆ.

ಮಹಿಳಾ ಪ್ರಾತಿನಿಧ್ಯ

2010ರ ತಿದ್ದುಪಡಿಯಿಂದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಅಧ್ಯಕ್ಷೆಯ ಪರವಾಗಿ ಗಂಡನೇ ಕುರ್ಚಿಯ ಪಕ್ಕ ಕುಳಿತು ಮಾತನಾಡುವ ರೂಢಿ ಪೂರ್ತಿ ಹೋಗಿಲ್ಲ. ಹಾಗೆಂದು ಮೀಸಲಾತಿಯೇ ವ್ಯರ್ಥವೆನ್ನುವುದು ಅವಸರದ ತೀರ್ಮಾನ. ಸ್ವಸಹಾಯ ಸಂಘಗಳಲ್ಲಿ ಲೆಕ್ಕ ಬರೆದು ಅನುಭವ ಪಡೆದ ಮಹಿಳೆಯರು ಸದಸ್ಯರಾಗಿ ಬಂದ ಕಡೆಗಳಲ್ಲಿ ನೀರು, ಅಂಗನವಾಡಿ, ಶೌಚಾಲಯಗಳ ವಿಷಯ ಸಭೆಯ ಕಾರ್ಯಸೂಚಿಯಲ್ಲಿ ಮೇಲಕ್ಕೆ ಬಂದಿದೆ.

ಪ್ರಾದೇಶಿಕ ಅಸಮತೋಲನ ಮತ್ತು ಜಿಲ್ಲಾ ಯೋಜನೆ

ಡಾ. ಡಿ. ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯು ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. ಇವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರ ಪೈಕಿ 21 ಕಲಬುರಗಿ ವಿಭಾಗದಲ್ಲಿದ್ದವು. ಈ ವರದಿಯ ಮುಖ್ಯ ಕೊಡುಗೆಯೆಂದರೆ ಹಿಂದುಳಿದಿರುವಿಕೆಯನ್ನು ಜಿಲ್ಲೆಯ ಸರಾಸರಿಯಲ್ಲಿ ಮುಚ್ಚಿಹೋಗಲು ಬಿಡದೆ, ತಾಲ್ಲೂಕನ್ನು ಅಳತೆಯ ಘಟಕವಾಗಿ ತೆಗೆದುಕೊಂಡದ್ದು. 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ವಿಧಿ ಸೇರಿ, ಆ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಉದ್ಯೋಗ, ಶಿಕ್ಷಣದಲ್ಲಿ ಮೀಸಲಾತಿಯೂ ದೊರೆತವು. ಈಗ ಅದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ.

ಹೀಗೆ ಹಣ ಬಂದರೂ ಅದನ್ನು ಯಾವ ಊರಿನ ಯಾವ ಕೆಲಸಕ್ಕೆ ಬಳಸಬೇಕೆಂದು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಸಂವಿಧಾನ ಇದಕ್ಕೆ ಕೊಡುವ ಉತ್ತರ 243ಜೆಡ್‌ಡಿ ವಿಧಿಯ ಜಿಲ್ಲಾ ಯೋಜನಾ ಸಮಿತಿ. ಹಳ್ಳಿ ಮತ್ತು ಪಟ್ಟಣಗಳ ಯೋಜನೆಗಳನ್ನು ಒಟ್ಟುಗೂಡಿಸಿ ಜಿಲ್ಲೆಗೊಂದು ಯೋಜನೆ ಸಿದ್ಧಪಡಿಸುವುದು ಅದರ ಕೆಲಸ. ಸಮಿತಿಯ ಐದರಲ್ಲಿ ನಾಲ್ಕು ಭಾಗ ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತ ಸದಸ್ಯರಿಂದ ಆಯ್ಕೆಯಾದವರಾಗಿರಬೇಕು. ಜಿಲ್ಲಾ ಪಂಚಾಯಿತಿಯೇ ಇಲ್ಲದಿದ್ದರೆ ಈ ಸಮಿತಿ ಹೇಗೆ ರಚನೆಯಾಗಬೇಕು?

ಚುನಾವಣೆಯ ವಿಳಂಬ

ಇದು ಊಹೆಯ ಪ್ರಶ್ನೆಯಲ್ಲ. ಗ್ರಾಮ ಪಂಚಾಯಿತಿ ಚುನಾವಣೆಗಳು 2020ರ ಡಿಸೆಂಬರ್ 22 ಮತ್ತು 27ರಂದು, ಕೋವಿಡ್ ನಡುವೆಯೇ ನಡೆದವು. ಆದರೆ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದಾಗ ಚುನಾವಣೆ ನಡೆಯಲಿಲ್ಲ. ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ಕೊಡಲಾಯಿತು. ಅನಂತರ ಮೀಸಲಾತಿ ಪಟ್ಟಿ, ಆಕ್ಷೇಪಣೆ, ಹೈಕೋರ್ಟಿನ ವಿಚಾರಣೆ ಎಂದು ವರ್ಷಗಳು ಕಳೆದವು. ಬೇರೆಬೇರೆ ಪಕ್ಷಗಳ ಸರ್ಕಾರಗಳು ಬಂದರೂ ಈ ವಿಷಯದಲ್ಲಿ ಅವಸರ ಯಾರಿಗೂ ಕಾಣಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕೆಂದು 243ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. 1992ರಲ್ಲಿ ಈ ವಿಧಿ ಇರಲಿಲ್ಲ ಎಂಬ ಸಮಾಧಾನವಾದರೂ ಇತ್ತು.

ಇದರ ಬೆಲೆಯನ್ನು ತೆರುವವರು ಜನರು. ಹಣಕಾಸು ಆಯೋಗದ ಅನುದಾನ ಬರಬೇಕಾದರೆ ಚುನಾಯಿತ ಸಂಸ್ಥೆ ಇರಬೇಕು. ಇಲ್ಲದ ಹಂತಗಳ ಪಾಲು ನಿಲ್ಲುತ್ತದೆ. ಆಡಳಿತಾಧಿಕಾರಿಗಳು ಕಡತ ನಡೆಸಬಲ್ಲರು, ಆದರೆ ಒಂದು ತಾಲ್ಲೂಕಿನ ಎರಡು ಊರುಗಳ ನಡುವೆ ಆರೋಗ್ಯ ಕೇಂದ್ರ ಎಲ್ಲಿರಬೇಕೆಂಬ ವಾದವನ್ನು ಎರಡೂ ಕಡೆಯವರ ಮುಂದೆ ನಿಂತು ಇತ್ಯರ್ಥ ಮಾಡುವುದು ಅವರ ಕೆಲಸವಲ್ಲ. ಜಿಲ್ಲಾ ಪಂಚಾಯಿತಿ ಸದಸ್ಯರು ಇಲ್ಲದಾಗ ಆ ಜಾಗವನ್ನು ಶಾಸಕರು ತುಂಬುತ್ತಾರೆ. ಗ್ರಾಮ ಪಂಚಾಯಿತಿ ಅಧ್ಯಕ್ಷರು ಸಣ್ಣ ಕೆಲಸಕ್ಕೂ ಶಾಸಕರ ಮನೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಗ್ರಾಮ ಸಭೆ ಮತ್ತು ಜಮಾಬಂದಿ

ಗ್ರಾಮದ ಎಲ್ಲ ಮತದಾರರೂ ಗ್ರಾಮ ಸಭೆಯ ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಮತದಾರರ ಹತ್ತನೆಯ ಒಂದು ಭಾಗ ಅಥವಾ 100 ಜನ, ಇವೆರಡರಲ್ಲಿ ಕಡಿಮೆಯಾದಷ್ಟು ಕೋರಂ ಅಗತ್ಯ. ಮನೆ ಮಂಜೂರಾತಿಯ ಫಲಾನುಭವಿಗಳ ಆಯ್ಕೆ, ಮುಂದಿನ ವರ್ಷದ ಕಾಮಗಾರಿಗಳ ಆದ್ಯತೆ ಇಲ್ಲಿ ನಿರ್ಧಾರವಾಗಬೇಕು. ಅದಕ್ಕೂ ಮೊದಲು ವಾರ್ಡ್ ಸಭೆಗಳಲ್ಲಿ ಬೇಡಿಕೆಗಳನ್ನು ಸಂಗ್ರಹಿಸಬೇಕು. ಮನೆ ಹಂಚುವ ದಿನ ಜನ ಕಿಕ್ಕಿರಿದು ಸೇರುತ್ತಾರೆ. ಆಯವ್ಯಯ ಓದುವ ದಿನ ಕೋರಂ ಆಗುವುದೇ ಕಷ್ಟ.

ಪ್ರತಿ ವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ನಡೆಯುವ ಜಮಾಬಂದಿಯು ಹಿಂದಿನ ಆರ್ಥಿಕ ವರ್ಷದ ಲೆಕ್ಕವನ್ನು ಜನರ ಮುಂದೆ ಇಡುವ ಕ್ರಮ. ತಾಲ್ಲೂಕಿನಿಂದ ಬಂದ ಅಧಿಕಾರಿಯ ಸಮ್ಮುಖದಲ್ಲಿ ಜಮಾ ಖರ್ಚಿನ ಪಟ್ಟಿ ಓದಲಾಗುತ್ತದೆ, ಆಯ್ದ ಕಾಮಗಾರಿಗಳನ್ನು ಸ್ಥಳಕ್ಕೆ ಹೋಗಿ ಪರಿಶೀಲಿಸಲಾಗುತ್ತದೆ. ಪಂಚಾಯಿತಿ ವ್ಯಾಪ್ತಿಯ ಯಾವ ನಿವಾಸಿಯಾದರೂ ಅಲ್ಲಿ ಹಾಜರಿದ್ದು, ಬಿಲ್ಲು, ಓಚರು ಮತ್ತು ಅಳತೆ ಪುಸ್ತಕ ತೋರಿಸುವಂತೆ ಕೇಳಬಹುದು. ಜಮಾಬಂದಿಯ ದಿನಾಂಕವನ್ನು ಮುಂಚಿತವಾಗಿ ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ಪ್ರಕಟಿಸಲಾಗುತ್ತದೆ.